ಕಪಾಂಬ್ವೆಯ ಒಂಬತ್ತು ಮೀಟರ್ ಹುಲ್ಲು

ಹತ್ತೊಂಬತ್ತು ವರ್ಷಗಳ ಮೇಲೆ ನಮ್ಮೂರಿನ ತಂಡ ದೇಶದ ದೊಡ್ಡ ಲೀಗಿಗೆ ಏರಿದೆ. ಇನ್ನು ನಾಲ್ಕು ದಿನಕ್ಕೆ ಸೀಸನ್ ಶುರು. ಗಣಿಯ ಸೈರನ್ ಕೂಗಿದರೂ ಮಗ್ಗುಲು ಬದಲಿಸದ ಜನ ಈಗ ಬೆಳಿಗ್ಗೆ ಐದಕ್ಕೇ ಎದ್ದು ಗೋಲ್‌ಕೀಪರ್ ಲಜರಸ್‌ನ ಬಲಗಾಲಿನ ಗುಣಗಾನ ಮಾಡುತ್ತಾರೆ. ಒಣಮೀನಿನವಳು ತಂಡದ ಹಳದಿ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಮೀನು ಅಳೆಯುತ್ತಾಳೆ. ಪಾದ್ರಿ ಪ್ರಸಂಗದ ನಡುವೆ ಪಂದ್ಯಗಳ ಪಟ್ಟಿ ಓದುತ್ತಾನೆ. ಕ್ಲಬ್ಬಿನ ಅಧ್ಯಕ್ಷ ಸಿಲ್ವಾಂಬನಿಗೆ ಚೆಂಡು ದುಂಡಗಿದೆ ಎಂಬುದೊಂದು ಬಿಟ್ಟು ಆಟದ ಬಗ್ಗೆ ಇನ್ನೇನೂ ಗೊತ್ತಿಲ್ಲ. ಅವನು ರೇಡಿಯೋದಲ್ಲಿ ಕೂತು ಮೊದಲ ನಾಲ್ಕರೊಳಗೆ ಬರುತ್ತೇವೆ ಎನ್ನುತ್ತಾನೆ. ಕೊನೆಯ ನಾಲ್ಕು ಎಂದು ತಿದ್ದಿಕೊಂಡರೆ ಅವನ ಮಾತು ನಿಜವಾಗುತ್ತದೆ.

ಇವರ ಬಗ್ಗೆ ಬರೆಯುವುದು ಕಾಗದಕ್ಕೆ ದಂಡ. ನಾನು ಹೇಳಹೊರಟಿರುವುದು ಎವರಿಸ್ಟೊ ಕಪಾಂಬ್ವೆ ಎಂಬ ಒಬ್ಬ ಪೆದ್ದನ ವಿಷಯ. ನಮ್ಮ ಕನ್ಶಿಂಡೆ ಮೈದಾನದ ಹುಲ್ಲು ನೋಡಿಕೊಳ್ಳುವವನು ಅವನು. ಮೂವತ್ತೊಂದು ವರ್ಷದಿಂದ ಅದೊಂದೇ ಕೆಲಸ. ಈ ಆಗಸ್ಟ್ ಕೊನೆಗೆ ಅವನ ಸೇವೆ ಮುಗಿಯುತ್ತದೆ. ಕ್ಲಬ್ಬಿನವರು ಒಂದು ಕಂಬಳಿ, ಒಂದು ಗೋಡೆ ಗಡಿಯಾರ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅಷ್ಟರೊಳಗೆ ನಮ್ಮ ಮೈದಾನದಲ್ಲಿ ದೊಡ್ಡ ಲೀಗಿನ ಪಂದ್ಯ ಇರುವುದು ಒಂದೇ ಒಂದು, ಮೊದಲನೆಯದು. ಆ ಪಂದ್ಯ ತನ್ನ ಹುಲ್ಲಿನ ಮೇಲೆ ನಡೆಯಬೇಕು, ಟಿವಿಯಲ್ಲಿ ದೇಶವೆಲ್ಲ ಆ ಹುಲ್ಲನ್ನು ನೋಡಬೇಕು, ಆಗ ತಾನು ಗೆರೆಯ ಪಕ್ಕ ನಿಂತಿರಬೇಕು. ಈ ಮನುಷ್ಯ ಬದುಕಿನಲ್ಲಿ ಇನ್ನೇನನ್ನಾದರೂ ಬೇಡಿದ್ದು ನನಗೆ ಗೊತ್ತಿಲ್ಲ. ಬೇಡಿದ್ದರೂ ಯಾರೂ ಕೊಡುತ್ತಿರಲಿಲ್ಲ.

ನಾನು ಜಕೆಯೊ ಜೆರೆ. ಗಣಿಯ ಸರ್ವೆಯವರ ಹಿಂದೆ ಟೇಪು ಹಿಡಿದು ಓಡಾಡಿದವನು. ನಿವೃತ್ತಿಯಾದ ಮೇಲೆ ಮೈದಾನದ ಗೇಟಿನ ಪಕ್ಕದ ಮಾವಿನ ಮರದಡಿ ಕೂತು ಆಟಗಾರರ ಬೂಟು ಹೊಲಿಯುತ್ತೇನೆ. ಕಪಾಂಬ್ವೆಯನ್ನು ಪೆದ್ದ ಎಂದದ್ದಕ್ಕೆ ಯಾರೂ ಮುಖ ಸಿಂಡರಿಸಬೇಕಾಗಿಲ್ಲ. ಅವನು ಬೆಂಬಾ ಬುಡಕಟ್ಟಿನವನು, ನಾನು ಎಂಗೋನಿ. ಹಿಂದೆ ನಮ್ಮ ಮುತ್ತಜ್ಜಂದಿರು ಅವರ ಮುತ್ತಜ್ಜಂದಿರನ್ನು ಈಟಿಯಿಂದ ತಿವಿದರು, ಅವರೂ ಬಿಡದೆ ತಿವಿದರು. ಸಾಕಾದ ಮೇಲೆ ಈಟಿ ಕೆಳಗಿಟ್ಟು ಬೈಗುಳ ಕೈಗೆತ್ತಿಕೊಂಡರು. ಅಂದಿನಿಂದ ನಾವು ಬೈಗುಳದ ನೆಂಟರು. ಅವರು ಕೋತಿ ತಿನ್ನುವವರು, ನಾವು ಇಲಿ ತಿನ್ನುವವರು. ಏನು ಬೇಕಾದರೂ ಅನ್ನಬಹುದು, ಯಾರ ಎದುರಿಗಾದರೂ ಅನ್ನಬಹುದು. ಅನ್ನಿಸಿಕೊಂಡವನು ಸಿಟ್ಟಾಗುವ ಹಾಗಿಲ್ಲ, ತಿರುಗಿ ಅನ್ನಬೇಕು, ಅಷ್ಟೇ.

ಇಪ್ಪತ್ತಾರು ವರ್ಷ, ಮೊದಲು ನಾನು ಗಣಿಗೆ ಹೋಗುವ ದಾರಿಯಲ್ಲಿ, ಆಮೇಲೆ ಮರದಡಿಯಿಂದ, ದಿನಾ ಬೆಳಿಗ್ಗೆ ಗೇಟಿನಲ್ಲಿ ಇದೇ ನಡೆಯುತ್ತಿತ್ತು.

"ಏನೋ ಇಲಿ, ಇನ್ನೂ ಉಸಿರಾಡ್ತಿದೀಯಾ? ನಿನ್ನ ಮಣ್ಣಿಗೆ ಬರೋಕೆ ಅಂತ ಕರೀ ಕೋಟು ಒಗೆದಿಟ್ಟು ಎಷ್ಟು ವರ್ಷ ಆಯ್ತು! ಜಿರಲೆ ತಿಂತಿದೆ."

"ನಿನ್ನ ಕೋಟು ತಿಂದ ಜಿರಲೆ ಅಲ್ಲೇ ಸತ್ತಿರುತ್ತೆ ಕಣೋ ಕೋತಿ. ಹೋಗು, ಒಳಗೆ ನಿನ್ನ ಹುಲ್ಲು ಅಳ್ತಿದೆ, ಹಾಲು ಕುಡಿಸು."

ಊರಿನ ಉಳಿದವರೆಲ್ಲ ನನ್ನನ್ನು ಬಾಶಿ ತಾಂಡಿವೆ ಎನ್ನುತ್ತಾರೆ, ತಾಂಡಿವೆಯ ಅಪ್ಪ ಎಂದು. ದೊಡ್ಡ ಮಗಳ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಮರ್ಯಾದೆ. ಕಪಾಂಬ್ವೆ ಒಂದು ದಿನವೂ ನನ್ನನ್ನು ಹಾಗೆ ಕರೆದವನಲ್ಲ. ಕರೆದಿದ್ದರೆ ನನಗೇನೋ ರೋಗ ಬಂದಿದೆ, ಡಾಕ್ಟರು ಇವನಿಗೆ ಮಾತ್ರ ಹೇಳಿದ್ದಾರೆ ಎಂದುಕೊಳ್ಳುತ್ತಿದ್ದೆ.

ಈ ನೆಂಟಸ್ತಿಕೆಯ ದೊಡ್ಡ ಕೆಲಸ ಇರುವುದು ಸಾವಿನಲ್ಲಿ. ಪಾದ್ರಿ ಸತ್ತವನನ್ನು ಹೊಗಳುತ್ತಾನೆ, ಹೆಂಡತಿ ಹೊಗಳುತ್ತಾಳೆ, ಅವನಿಂದ ಒದೆ ತಿಂದವರೂ ಹೊಗಳುತ್ತಾರೆ. ನಿಜ ಹೇಳುವವರು ನಾವು. ಸತ್ತವನ ಸೋಮಾರಿತನ, ಜಿಪುಣತನ, ಗೊರಕೆ, ಎಲ್ಲವನ್ನೂ ಗುಂಡಿಯ ಮುಂದೆ ಎತ್ತಿ ಆಡಿ, ಅಳುವವರನ್ನು ನಗಿಸಿಯೇ ನಾವು ಮಣ್ಣು ಹಾಕಲು ಬಿಡುವುದು. ಆರು ವರ್ಷದ ಹಿಂದೆ ಅವನ ಹೆಂಡತಿ ಗೌಡೆನ್ಸಿಯಾ ತೀರಿಕೊಂಡಾಗ ಅವನು ಮೂರು ದಿನ ಅನ್ನ ನೀರು ಮುಟ್ಟಲಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಗುಂಡಿಯ ಪಕ್ಕ ಮರದ ಕೊರಡಿನಂತೆ ನಿಂತಿದ್ದ. ನಾನು ಗುಂಡಿಯೊಳಕ್ಕೆ ಇಳಿದು ಉದ್ದಕ್ಕೆ ಮಲಗಿಬಿಟ್ಟೆ.

"ನಾನು ಏಳಲ್ಲ!" ಎಂದು ಕೂಗಿದೆ. "ಮೊದಲು ಆ ಕೋತಿ ಹತ್ರ ಮಾತು ತಗೊಳ್ಳಿ. ಈ ತಾಯಿ ಮೇಲೆ ಹುಲ್ಲು ಬೆಳೆಸಲ್ಲ ಅಂತ ಆಣೆ ಮಾಡ್ಲಿ! ಬೆಳೆಸಿದ್ರೆ ಅಷ್ಟೇ, ಅವಳ ಮಕ್ಕಳನ್ನೂ ಹತ್ರ ಸೇರಿಸಲ್ಲ, ಹೂ ತಂದ ಪಾದ್ರಿನೂ ಕೋಲು ಹಿಡಿದು ಓಡಿಸ್ತಾನೆ!"

ಕಪಾಂಬ್ವೆ ನಕ್ಕ. ನಗುತ್ತಾ ನಗುತ್ತಾ ಅತ್ತ, ಅತ್ತು ಸುಸ್ತಾಗಿ ಸಂಜೆ ಮೆಕ್ಕೆಜೋಳದ ಮುದ್ದೆ ತಿಂದ. ಅವನ ಮಗಳು ಬ್ವಾಲ್ಯಾ ನನ್ನ ಕಾಲು ಮುಟ್ಟುವುದೊಂದು ಬಾಕಿ. ಅವತ್ತು ನಾನು ಮಾಡಿದ ಕೆಲಸ ಯಾವ ಪಾದ್ರಿಯೂ ಮಾಡಲಾರ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆದರೆ ಹುಲ್ಲಿನ ವಿಷಯದಲ್ಲಿ ನಾನು ಹೇಳಿದ್ದು ಅಪ್ಪಟ ಸತ್ಯ. ಆಟಕ್ಕಾಗಿ ಹುಲ್ಲು ಇದೆ ಎಂದು ಲೋಕ ತಿಳಿದಿದೆ. ಹುಲ್ಲಿಗೆ ಬರುವ ರೋಗವೇ ಆಟ ಎಂದು ಕಪಾಂಬ್ವೆ ತಿಳಿದಿದ್ದಾನೆ. ನಮ್ಮ ತಂಡ ಅಭ್ಯಾಸ ಮಾಡುವುದು ಗಣಿಯ ತ್ಯಾಜ್ಯದ ಗುಡ್ಡದ ಹಿಂದೆ, ಕೆಂಪು ಜಲ್ಲಿಯ ಮೇಲೆ. ಮೈದಾನಕ್ಕೆ ಅವರನ್ನು ಅವನು ಪಂದ್ಯದ ದಿನ ಮಾತ್ರ ಬಿಡುತ್ತಾನೆ, ಅದೂ ಮುಖ ಗಂಟಿಕ್ಕಿಕೊಂಡು. ಫೋಟೋ ತೆಗೆಸಿಕೊಳ್ಳಲು ಬಂದ ಮದುಮಗಳ ಎತ್ತರದ ಹಿಮ್ಮಡಿಯ ಚಪ್ಪಲಿ ಕಿತ್ತುಕೊಂಡು ಗೇಟಿನಾಚೆ ಎಸೆದಿದ್ದಾನೆ. ನನ್ನ ಎರಡು ಆಡುಗಳನ್ನು ಒಂದು ವಾರ ಪಂಪ್ ಮನೆಯಲ್ಲಿ ಕೂಡಿಹಾಕಿದ್ದ. ಎರಡು ವರ್ಷದ ಹಿಂದೆ ನಮ್ಮವರು ಕೊನೆಯ ನಿಮಿಷದಲ್ಲಿ ಗೋಲು ಹೊಡೆದು ಊರಿಗೆ ಊರೇ ಕುಣಿಯುತ್ತಿದ್ದಾಗ ಇವನು ಹೊಡೆದವನ ಕಡೆಗೆ ಓಡಿದ. ಅಪ್ಪಿಕೊಳ್ಳುತ್ತಾನೆ ಎಂದುಕೊಂಡೆವು. "ಮಂಡಿ ಮೇಲೆ ಜಾರ್ತೀಯೇನೋ? ಏಳೋ ಮೇಲೆ!" ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದ.

ಇಷ್ಟೇ ಆಗಿದ್ದರೆ ಅವನನ್ನು ಬರೀ ಹುಚ್ಚ ಎಂದು ಬಿಟ್ಟುಬಿಡಬಹುದಿತ್ತು. ಇನ್ನೊಂದು ಇದೆ.

ಯಾವ ಮೈದಾನದಲ್ಲೂ ಮೊದಲು ಬೋಳಾಗುವುದು ಗೋಲಿನ ಬಾಯಿ. ನಮ್ಮಲ್ಲಿ ದಕ್ಷಿಣದ ಗೋಲು ತಗ್ಗಿನಲ್ಲಿದೆ, ಮಳೆಗಾಲದಲ್ಲಿ ಅಲ್ಲಿ ಹಂದಿ ಹೊರಳಬಹುದು. ಗಣಿಯವರು ಗೊಬ್ಬರ ಕೊಡುವುದನ್ನು ನಿಲ್ಲಿಸಿದ ವರ್ಷ ಕಪಾಂಬ್ವೆ ಒಂದು ಉಪಾಯ ಮಾಡಿದ. ಆ ಗೋಲಿನ ಕಂಬಗಳನ್ನು ಕಿತ್ತು ಒಂದು ಹೆಜ್ಜೆ ಒಳಕ್ಕೆ ನೆಟ್ಟ. ಬೋಳು ನೆಲ ಗೋಲಿನ ಹಿಂದೆ ಹೋಯಿತು. ಒಂದು ಸೀಸನ್ ಅದಕ್ಕೆ ವಿಶ್ರಾಂತಿ ಕೊಟ್ಟು, ಹುಲ್ಲು ಬಂದ ಮೇಲೆ ಕಂಬ ಹಿಂದಕ್ಕೆ ಒಯ್ಯುವುದು ಎಂದು ಅವನ ಲೆಕ್ಕ. ಹುಲ್ಲು ಬಂತು, ಸೊಂಪಾಗಿ ಬಂತು. ಅದನ್ನು ಮತ್ತೆ ಬೂಟುಗಳ ಕೆಳಗೆ ಹಾಕಲು ಇವನಿಗೆ ಮನಸ್ಸು ಬರಲಿಲ್ಲ. ಹೊಸ ಜಾಗವೂ ಬೋಳಾಯಿತು. ಆಗ ಕಂಬ ಇನ್ನರ್ಧ ಹೆಜ್ಜೆ ಒಳಕ್ಕೆ ಬಂತು. ಹೀಗೇ ವರ್ಷ ವರ್ಷ. ಹಿಂದೆ ಉಳಿದ ಪಟ್ಟಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಬಟ್ಟೆಯ ಚೂರು ಕಟ್ಟಿ, ತಾನೂ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದ. ಜನ ಅದನ್ನು ಗೋಲಿನ ಹಿಂದಿನ ಅಲಂಕಾರ ಎಂದುಕೊಂಡಿದ್ದರು.

ಯಾರಿಗೂ ಏಕೆ ತಿಳಿಯಲಿಲ್ಲ ಎಂದರೆ ಮೈದಾನಕ್ಕೆ ಸುಣ್ಣದ ಗೆರೆ ಹಾಕುವವನೂ ಇವನೇ. ಒಂದು ಗೋಲಿನಿಂದ ಇನ್ನೊಂದಕ್ಕೆ ಹಗ್ಗ ಎಳೆದು, ಆ ಹಗ್ಗವನ್ನು ಎರಡಾಗಿ ಮಡಚಿ ನಡುಗೆರೆ ಹಾಕುತ್ತಾನೆ. ಹಗ್ಗ ಮಡಚಿದರೆ ನಡು ಯಾವಾಗಲೂ ನಡುವೇ. ಮೈದಾನ ಎಷ್ಟು ಕುಗ್ಗಿದರೂ ಎರಡೂ ಕಡೆ ಸಮ. ತಾನು ಒಟ್ಟು ಎಷ್ಟು ಒಳಕ್ಕೆ ಬಂದಿದ್ದೇನೆ ಎಂದು ಕೂಡಿಸಿ ನೋಡುವಷ್ಟು ಬುದ್ಧಿ ಆ ತಲೆಯಲ್ಲಿ ಇರಲಿಲ್ಲ. ಕೆಳಗಿನ ಲೀಗಿನ ರೆಫರಿಗಳಿಗಂತೂ ಚೆಂಡಿನಲ್ಲಿ ಗಾಳಿ ಇದ್ದರೆ ಸಾಕು.

ತಿಳಿದದ್ದು ನನಗೆ. ಹನ್ನೊಂದು ವರ್ಷದ ಹಿಂದೆ ಗಣಿಯವರು ನನ್ನನ್ನು ಮನೆಗೆ ಕಳಿಸುವಾಗ ಮೂವತ್ತು ಮೀಟರಿನ ಒಂದು ಹಳೇ ಉಕ್ಕಿನ ಟೇಪು ಕೊಟ್ಟರು. ಕೆಲಸವಿಲ್ಲದ ಮೊದಲ ವಾರ ಕೈ ಸುಮ್ಮನಿರದೆ ಸಿಕ್ಕಿದ್ದನ್ನೆಲ್ಲ ಅಳೆದೆ. ಮನೆ, ಬೀದಿ, ಚರ್ಚಿನ ಗೋಡೆ. ಒಂದು ಮಧ್ಯಾಹ್ನ ಕಪಾಂಬ್ವೆ ಊಟಕ್ಕೆ ಹೋದಾಗ ಮೈದಾನವನ್ನೂ ಅಳೆದೆ. ಮೂರು ಟೇಪು, ಮೇಲೆ ಏಳು ಮೀಟರ್. ತೊಂಬತ್ತೇಳು! ಈ ಮೈದಾನದ ಮೂಲ ಅಳತೆ ನೂರಾ ಎರಡು ಎಂದು ಸರ್ವೆ ಆಫೀಸಿನ ನಕ್ಷೆಯಲ್ಲಿ ನಾನೇ ನೋಡಿದ್ದೆ. ಕಬ್ಬಿಣದ ಸಲಾಕೆಯಿಂದ ಚುಚ್ಚಿ ನೋಡುತ್ತಾ ಹೋದೆ. ಸೊಂಪಾದ ಹುಲ್ಲಿನ ಕೆಳಗೆ, ಒಂದು ಗೇಣು ಆಳದಲ್ಲಿ, ಗಣಿಯವರು ಹಿಂದೆ ಕಾಂಕ್ರೀಟಿನಲ್ಲಿ ಹೂತಿದ್ದ ಕೊಳವೆಗಳ ಬಾಯಿ ಟಣ್ ಎಂದಿತು. ಮೊದಲಿನ ಗೋಲು ಕಂಬಗಳು ನಿಲ್ಲುತ್ತಿದ್ದ ಜಾಗ ಅದೇ.

ನಾನು ಅಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇಂಥ ಮಾತು ಒಬ್ಬ ಎಂಗೋನಿಗೆ ಜನ್ಮದಲ್ಲಿ ಒಮ್ಮೆ ಸಿಗುತ್ತದೆ. ಇದನ್ನು ಗೇಟಿನಲ್ಲಿ, ಒಂದು ಸಾಧಾರಣ ಬೆಳಿಗ್ಗೆ, ಖರ್ಚು ಮಾಡಿಬಿಡುವುದೇ? ಇಲ್ಲ. ಅವನ ಗುಂಡಿಯ ಮುಂದೆ ಹೇಳಬೇಕು. ಊರೆಲ್ಲ ಸೇರಿರುವಾಗ ಟೇಪು ತೆಗೆದು ಅವನ ಪೆಟ್ಟಿಗೆ ಅಳೆಯುವುದು, 'ಇದನ್ನೂ ಒಂದಡಿ ಕಡಿಮೆ ಮಾಡಿಸಿದ್ದಾನೆ ನೋಡಿ, ಕೆಳಗಿನ ಹುಲ್ಲಿಗೆ ನೋವಾಗುತ್ತದೆ ಅಂತ' ಎನ್ನುವುದು, ಆಮೇಲೆ ಮೈದಾನದ ಕಥೆ ಬಿಚ್ಚುವುದು. ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದೆನೋ! ಪ್ರತಿ ವರ್ಷ ಈಸ್ಟರ್ ಕಳೆದ ಮೇಲೆ ಕದ್ದು ಅಳೆಯುತ್ತಿದ್ದೆ. ತೊಂಬತ್ತಾರು. ತೊಂಬತ್ತೈದೂವರೆ. ಈ ವರ್ಷ ತೊಂಬತ್ಮೂರು.

ಇತ್ತ ಊರಿಗೆ ಹೆಮ್ಮೆ ಏರುತ್ತಿತ್ತು. ಲಜರಸ್ ಕೈಯಲ್ಲಿ ಹಿಡಿದು ಒದ್ದ ಚೆಂಡು ನೇರ ಎದುರಾಳಿಯ ಗೋಲಿನ ಮುಂದೆ ಬೀಳುತ್ತದೆ, ಇಂಥ ಕಾಲು ದೇಶದಲ್ಲೇ ಇಲ್ಲ ಎಂದು ರೇಡಿಯೋದವರು ಬಾಯಿ ಬಿಟ್ಟರು. ಹೊರಗಿನ ತಂಡಗಳು ಇಲ್ಲಿ ಬಂದು ದಿಕ್ಕುಗೆಟ್ಟು ಸೋತವು. ಹಾಗೆ ಸೋತು ಸೋತೇ ನಮ್ಮನ್ನು ದೊಡ್ಡ ಲೀಗಿಗೆ ತಳ್ಳಿದವು. ಇದನ್ನೆಲ್ಲ ನೋಡಿಕೊಂಡು ನಾನು ಮಾವಿನ ಮರದಡಿ ಬೂಟು ಹೊಲಿಯುತ್ತಾ ಒಳಗೊಳಗೇ ನಗುತ್ತಿದ್ದೆ.

ಜುಲೈ ಎಂದರೆ ನಮ್ಮಲ್ಲಿ ಚಳಿಗಾಲ. ಅದರ ಕೊನೆಯ ಗುರುವಾರ ಬೆಳಿಗ್ಗೆ ಲೀಗಿನ ಕಡೆಯಿಂದ ಮೈದಾನ ನೋಡಲು ಶ್ರೀಮತಿ ನಲುಮಿನೊ ಬಂದರು. ಕೈಯಲ್ಲಿ ಫಾರಂ, ಮುಖದಲ್ಲಿ ನಗೆಯಿಲ್ಲ. ಅವರು ಸಹಿ ಹಾಕದಿದ್ದರೆ ಇಡೀ ಸೀಸನ್ ನಮ್ಮ ಪಂದ್ಯಗಳೆಲ್ಲ ತೊಂಬತ್ತು ಕಿಲೋಮೀಟರ್ ಆಚೆಯ ಬೇರೆ ಮೈದಾನದಲ್ಲಿ. ಬೇಲಿಯ ಸುತ್ತ ಊರು ನೆರೆದಿತ್ತು. ಸಿಲ್ವಾಂಬ ಸೂಟು ಹಾಕಿ ಅವರ ಹಿಂದೆ ಹಲ್ಲು ಕಿರಿಯುತ್ತಾ ಓಡಾಡುತ್ತಿದ್ದ. ಶೌಚಾಲಯಕ್ಕೆ ಹಿಂದಿನ ದಿನ ಹೊಡೆಸಿದ ಬಣ್ಣ ಅಂಟಿಕೊಂಡು ಬಾಗಿಲೇ ತೆರೆಯಲಿಲ್ಲ. ಆಕೆ ಏನೂ ಅನ್ನದೆ ಏನೋ ಬರೆದುಕೊಂಡು ಹುಲ್ಲಿನ ಕಡೆಗೆ ಬಂದರು. ಕುಕ್ಕರಗಾಲಲ್ಲಿ ಕೂತು ಅಂಗೈ ಆಡಿಸಿದರು.

"ಇಂಥ ಹುಲ್ಲು ನಾನು ರಾಜಧಾನಿ ಲುಸಾಕಾದಲ್ಲೂ ನೋಡಿಲ್ಲ. ಯಾರು ನೋಡ್ಕೊಳ್ಳೋದು?"

ಕಪಾಂಬ್ವೆ ಟೋಪಿ ತೆಗೆದು ನಿಂತ.  ಕೊನೆಯ ಕೆಲಸ ಅಳತೆ ಎಂದಾಗ ಟೇಪಿನ ಒಂದು ತುದಿಯನ್ನು ಅವನೇ ಕೇಳಿ ಇಸಿದುಕೊಂಡು, ಪಾದ್ರಿ ಶಿಲುಬೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ನಡೆದ.

"ತೊಂಬತ್ಮೂರು," ಎಂದರು ಆಕೆ. ಇನ್ನೊಮ್ಮೆ ಅಳೆಸಿದರು. "ತೊಂಬತ್ಮೂರೇ. ನೂರಕ್ಕಿಂತ ಕಡಿಮೆ ಇದ್ರೆ ನಾನು ಸಹಿ ಹಾಕೋ ಹಾಗಿಲ್ಲ."

"ಮೇಡಂ, ನಮ್ಮೂರ ಬಿಸಿಲಿಗೆ ಟೇಪು ಸ್ವಲ್ಪ ಹಿಗ್ಗುತ್ತೆ," ಎಂದ ಸಿಲ್ವಾಂಬ.

"ನೀವು ಸೂಟಿನೊಳಗೆ ಸ್ವೆಟರ್ ಹಾಕಿದೀರಿ, ಅಧ್ಯಕ್ಷರೇ."

 ಲಜರಸ್ ತನ್ನ ಬಲಗಾಲನ್ನು ಯಾರದೋ ಕಾಲು ಎಂಬಂತೆ ನೋಡಿಕೊಂಡ. ಆಮೇಲೆ ಯಾರೋ ಕಿಸಕ್ಕೆಂದರು, ಅಷ್ಟೇ, ಬೇಲಿಗೆ ಬೇಲಿಯೇ ನಕ್ಕಿತು. "ಕೋತಿ ತಿಂದು ಸಾಕಾಯ್ತು ಅಂತ ಮೈದಾನಕ್ಕೆ ಬಾಯಿ ಹಾಕಿದಾನೆ ಕಣ್ರೋ!" ಎಂದು ಕೂಗಿದವನು ನಾನೇ. ನಗಿಸುವುದು ನನ್ನ ಹಕ್ಕು. ಕಪಾಂಬ್ವೆ ಮಾತ್ರ ಟೇಪಿನ ತುದಿ ಬಿಡದೆ, "ಹಗ್ಗ ಸರಿಯಾಗೇ ಮಡಚ್ತಿದ್ನಲ್ಲ... ನಡುಗೆರೆ ನಡುವೇ ಇದೆಯಲ್ಲ..." ಎನ್ನುತ್ತಿದ್ದ.

ಶ್ರೀಮತಿ ನಲುಮಿನೊ ಗೋಲಿನ ಹಿಂದಿನ ಪಟ್ಟಿಯನ್ನು ನೋಡಿದರು, ಅವನನ್ನು ನೋಡಿದರು. "ಹಿಂದೆ ಜಾಗ ಇದೆ. ನಾನು ಇನ್ನೊಂದು ಮೈದಾನ ನೋಡ್ಕೊಂಡು ನಾಲ್ಕು ಗಂಟೆಗೆ ಇದೇ ದಾರೀಲಿ ಬರ್ತೀನಿ. ಅಷ್ಟ್ರಲ್ಲಿ ಕಂಬ ಹಿಂದಕ್ಕೆ ಹೋಗಿರ್ಬೇಕು, ಭದ್ರವಾಗಿ ನಿಂತಿರ್ಬೇಕು. ನಾನು ಅಲ್ಲಾಡಿಸಿ ನೋಡೋಳು," ಎಂದು ಕಾರು ಹತ್ತಿದರು.

ಹೊಸದಾಗಿ ಕಾಂಕ್ರೀಟು ಹಾಕಿದರೆ ಗಟ್ಟಿಯಾಗಲು ಮೂರು ದಿನ ಬೇಕು. ಹಳೆಯ ಕೊಳವೆಗಳು ಸಿಕ್ಕರೆ ಮಾತ್ರ ಆಗುವ ಕೆಲಸ. ಅವು ಎಲ್ಲಿವೆ? ಅವುಗಳ ಬಾಯಿ ಮುಚ್ಚಿ ಮಣ್ಣು ಹಾಕಿದವನು ಕಪಾಂಬ್ವೆಯೇ, ಆದರೆ ಇಷ್ಟು ವರ್ಷದ ಮೇಲೆ ಆ ಪೆದ್ದನಿಗೆ ನೆನಪಿಲ್ಲ. ಅಲ್ಲಿ ಇಲ್ಲಿ ನಾಲ್ಕು ಕಡೆ ಚುಚ್ಚಿ ನೋಡಿದ, ಬರೀ ಮಣ್ಣು. ಸಿಲ್ವಾಂಬ ಹತ್ತು ಜನರ ಕೈಗೆ ಹಾರೆ ಗುದ್ದಲಿ ಕೊಟ್ಟು, "ಪೂರ್ತಿ ಪಟ್ಟಿ ಅಗೀರಿ, ಎಲ್ಲಾದ್ರೂ ಸಿಗುತ್ತೆ!" ಎಂದ. ಕಪಾಂಬ್ವೆ ಚಪ್ಪಲಿ ಬಿಟ್ಟು ಹಗ್ಗ ದಾಟಿ ಒಳಗೆ ಹೋಗಿ ಅವರ ಎದುರಿಗೆ ಕೈ ಅಗಲಿಸಿ ನಿಂತ.

"ಅಗೀಬೇಡಿ ಅಂತ ಹೇಳ್ತಿಲ್ಲ. ಜಾಗ ಗೊತ್ತಾದ್ರೆ ನಾನೇ ಅಗೀತೀನಿ. ಎಲ್ಲಾ ಕಿತ್ತುಹಾ‌ಕಿದ್ರೆ ಇಲ್ಲಿ ಯಾರು ಆಡ್ತಾರೆ, ಏನು ತೋರಿಸ್ತೀರಿ? ನೆನಪು ಮಾಡ್ಕೋತೀನಿ, ಸ್ವಲ್ಪ ಹೊತ್ತು ಕೊಡಿ."

"ಒಂದು ಗಂಟೆವರೆಗೆ," ಎಂದ ಸಿಲ್ವಾಂಬ. "ಆಮೇಲೆ ನಿನ್ನನ್ನೂ ಸೇರಿಸಿ ಅಗೀತಾರೆ."

ನಾನು ಮರದಡಿ ಒಂದು ಬೂಟು ಕೈಯಲ್ಲಿ ಹಿಡಿದು ಕೂತಿದ್ದೆ. ಯಾವ ಕಡೆಯಿಂದ ಯೋಚಿಸಿದರೂ ಬಾಯಿ ಮುಚ್ಚಿಕೊಂಡಿರುವುದೇ ನನಗೆ ಒಳ್ಳೆಯದು. ಮೈದಾನ ಕುಗ್ಗಿದ್ದು ಊರಿಗೆ ಗೊತ್ತಾಯಿತು, ನಿಜ. ಆದರೆ ಹನ್ನೊಂದು ವರ್ಷದ ಅಳತೆಗಳು ನನ್ನ ಹತ್ತಿರವೇ ಇದ್ದವು, ಗುಂಡಿಯ ಮುಂದೆ ಒಂದೊಂದಾಗಿ ಓದಿದರೆ ಈಗಲೂ ಜನ ಬಿದ್ದು ಬಿದ್ದು ನಗುತ್ತಿದ್ದರು. ಪಂದ್ಯ ತಪ್ಪಿಹೋದರೆ ಕಥೆ ಇನ್ನೂ ರುಚಿ. ಮತ್ತೆ ಏಕೆ ಎದ್ದೆ? ಅವನು ಆ ಚಳಿಯಲ್ಲಿ ಬರಿಗಾಲಲ್ಲಿ ನಿಂತಿದ್ದ. ಗೌಡೆನ್ಸಿಯಾಳ ಗುಂಡಿಯ ಪಕ್ಕ ನಿಂತಿದ್ದನಲ್ಲ, ಹಾಗೆಯೇ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಮನೆಗೆ ಹೋಗಿ ಟೇಪು, ಸಲಾಕೆ ತಂದೆ.

ಉತ್ತರದ ಗೆರೆಯಿಂದ ನೂರಾ ಎರಡು ಮೀಟರ್ ಅಳೆದೆ. ಪಶ್ಚಿಮದ ಬೇಲಿಯಿಂದ ಅಳೆದೆ. ಸಲಾಕೆಯನ್ನು ಒಂದೇ ಸಲ ಚುಚ್ಚಿದೆ. ಟಣ್! ಆಚೆ ಹೋಗಿ ಇನ್ನೊಂದೇ ಸಲ ಚುಚ್ಚಿದೆ. ಟಣ್! ಒಂದು ಹುಲ್ಲುಕಡ್ಡಿ ಹಾಳಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕಪಾಂಬ್ವೆ ಮಾತ್ರ ತಟ್ಟಲಿಲ್ಲ.

"ಇಲಿ, ನಿಂಗೆ ಹೇಗೆ ಗೊತ್ತು?"

"ಅಳೆದಿದ್ದೆ."

"ಯಾವಾಗ?"

"ಹನ್ನೊಂದು ವರ್ಷ ಆಯ್ತು. ಆಮೇಲೆ ಪ್ರತಿ ವರ್ಷ."

"ಒಂದು ಮಾತು ಹೇಳ್ಲಿಲ್ಲ."

"ನಿನ್ನ ಹೆಣದ ಮುಂದೆ ಹೇಳೋಣ ಅಂತ ಎತ್ತಿಟ್ಕೊಂಡಿದ್ದೆ ಕಣೋ ಕೋತಿ. ಬಂಗಾರದಂಥ ಮಾತು! ನಿನ್ನ ಸುಡುಗಾಡು ಹುಲ್ಲಿಗೋಸ್ಕರ ಇವತ್ತು ಹಾಳು ಮಾಡ್ಕೊಂಡೆ."

ಜನ ಹೋ ಎಂದರು. ಈಗ ಅವನ ಸರದಿ. ಪದ್ಧತಿ ಪ್ರಕಾರ ಅವನು ತಿರುಗಿ ಬೈಯಬೇಕು. ಅವನು ನಕ್ಕ. ಸಿಟ್ಟಾಗುವ ಹಾಗಿಲ್ಲವಲ್ಲ, ಬಾಯಿ ಮಾತ್ರ ನಕ್ಕಿತು. ಆಮೇಲೆ ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ ಹೇಳಿದ: "ಹಾಗಾದ್ರೆ ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ನೀನು ನನ್ನ ಮುಖ ನೋಡ್ದಾಗೆಲ್ಲ, ಇವನು ಯಾವಾಗ ಸಾಯ್ತಾನೆ ಅಂತ ನೋಡ್ತಿದ್ದೆ."

"ಅದೇ ತಾನೇ ನಮ್ಮ ನೆಂಟಸ್ತಿಕೆ? ನೀನೂ ನಂದು ಏನೋ ಎತ್ತಿಟ್ಟಿರ್ತೀಯ, ಬಿಡು."

"ಇಲ್ಲ," ಎಂದ. "ನಾನು ಏನೂ ಎತ್ತಿಟ್ಟಿಲ್ಲ. ಇದ್ದಿದ್ದೆಲ್ಲ ನಿನ್ನ ಮುಖಕ್ಕೇ ಹೇಳಿ ಮುಗಿಸಿದೀನಿ."

ಅಷ್ಟು ಹೇಳಿ ಅವನು ಮೊಣಕಾಲೂರಿ ಕೂತ. ಚಾಕುವಿನಿಂದ ತಟ್ಟೆಯಗಲ ಹುಲ್ಲನ್ನು ಬೇರು ಸಮೇತ ಎತ್ತಿ ಒದ್ದೆ ಗೋಣಿಯ ಮೇಲಿಟ್ಟ. ಕೈಯಿಂದಲೇ ಮಣ್ಣು ತೆಗೆದ. ಮೂರೂವರೆಗೆ ಕಂಬಗಳು ಕೊಳವೆಯಲ್ಲಿ ನಿಂತವು. ನಾಲ್ಕಕ್ಕೆ ಶ್ರೀಮತಿ ನಲುಮಿನೊ ಬಂದು ಎರಡೂ ಕಂಬ ಹಿಡಿದು ಅಲ್ಲಾಡಿಸಿದರು, ಅಳೆದರು, ಸಹಿ ಹಾಕಿದರು. ಶೌಚಾಲಯದ ಬಾಗಿಲಿಗೆ ಒಂದು ವಾರ ಗಡುವು ಕೊಟ್ಟರು. ಮರುದಿನ ರೇಡಿಯೋದಲ್ಲಿ ಸಿಲ್ವಾಂಬ, ಮೈದಾನ ವಿಸ್ತರಣೆ ತನ್ನ ಬಹುದಿನದ ಯೋಜನೆ ಎಂದ. ಬಟ್ಟೆ ಕಟ್ಟಿದ ಆ ಹಗ್ಗವನ್ನು ಕಪಾಂಬ್ವೆಯೇ ಬಿಚ್ಚಿ ಸುತ್ತಿಟ್ಟ.

ಲಜರಸ್‌ನ ಚೆಂಡು ಈಗ ಎಲ್ಲಿ ಬೀಳುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಶನಿವಾರ ದೇಶವೆಲ್ಲ ನೋಡುತ್ತದೆ. ಎದುರಾಳಿಯ ತಲೆಯ ಮೇಲೆ ಹಾರಿ ಗೋಲಿನ ಮುಂದೆ ಬೀಳುತ್ತಿದ್ದದ್ದು ಈಗ ಒಂಬತ್ತು ಮೀಟರ್ ಮೊದಲೇ ಅವನ ಎದೆಯ ಮೇಲೆ ನೇರ ಇಳಿಯುತ್ತದೆ. ನಾಲ್ಕು ಗೋಲಿಗೆ ಕಡಿಮೆ ತಿಂದರೆ ನನ್ನನ್ನು ಕೇಳಿ. ಆದರೆ ಹುಲ್ಲು ಚೆನ್ನಾಗಿ ಕಾಣುತ್ತದೆ. ಅದನ್ನು ಒಪ್ಪಲೇಬೇಕು.

ಮೈದಾನಕ್ಕೆ ಸಹಿ ಬಿದ್ದ ಮರುದಿನ ಬೆಳಿಗ್ಗೆ ನಾನು ಒಂದು ಹೊಸ ಬೈಗುಳ ಮಸೆದುಕೊಂಡು ಗೇಟಿನಲ್ಲಿ ಕಾದಿದ್ದೆ. "ಏನೋ ಕೋತಿ, ಒಂಬತ್ತು ಮೀಟರ್ ಹುಲ್ಲು ಕದ್ದು ಎಲ್ಲಿ ಮಾರೋಣ ಅಂತಿದ್ದೆ? ನಮ್ಮ ಆಡಿಗೆ ಹೇಳಿದ್ರೆ ಕೊಳ್ತಿತ್ತಲ್ಲೋ!"

ಅವನು ನಿಂತ. ಟೋಪಿ ತೆಗೆದ. "ನಮಸ್ಕಾರ ಬಾಶಿ ತಾಂಡಿವೆ. ಚೆನ್ನಾಗಿ ನಿದ್ದೆ ಬಂತಾ? ಮನೇಲಿ ಎಲ್ರೂ ಆರೋಗ್ಯವಾಗಿದಾರಾ?"

ಇದೂ ಒಂದು ಹೊಸ ತಮಾಷೆ ಎಂದುಕೊಂಡು ಮುಂದಿನ ಮಾತಿಗೆ ಕಾದೆ. ಮುಂದಿನ ಮಾತು ಇರಲಿಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಅವನ ತಾಯಿಯನ್ನು ಬೈದೆ, ಅವನ ಮೂಗನ್ನು ಬೈದೆ, ಬೆಂಬಾಗಳ ಏಳು ತಲೆಮಾರನ್ನು ಬೈದೆ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಬಾಶಿ ತಾಂಡಿವೆ," ಎಂದು ಒಳಗೆ ಹೋದ. ಪದ್ಧತಿ ಅವನಿಗೆ ಸಿಟ್ಟಾಗಲು ಬಿಡುವುದಿಲ್ಲ. ಮರ್ಯಾದೆ ಕೊಡಬೇಡ ಎಂದು ಯಾವ ಪದ್ಧತಿಯೂ ಹೇಳುವುದಿಲ್ಲವಲ್ಲ. ಎರಡು ವಾರದಿಂದ ನಾನು ಬೆಳಿಗ್ಗೆ ಗೇಟಿನ ಕಡೆ ನೋಡದೆ ಬೂಟಿನ ಕಡೆ ನೋಡುತ್ತೇನೆ.

ಇವತ್ತು ಅವನು ಗೇಟಿನಲ್ಲಿ ನಿಲ್ಲದೆ ನೇರ ಮರದಡಿಗೆ ಬಂದ. ತೋಳಿನ ಮೇಲೆ ಒಂದು ಕರೀ ಕೋಟು ಇತ್ತು. ಇಸ್ತ್ರಿ ಮಾಡಿದ್ದ, ಎಲ್ಲೂ ಜಿರಲೆ ತಿಂದಿರಲಿಲ್ಲ.

"ಬಾಶಿ ತಾಂಡಿವೆ, ಒಂದು ಗುಂಡಿ ಬಿದ್ದುಹೋಗಿದೆ. ಹೊಲಿದು ಕೊಡ್ತೀರಾ? ಶನಿವಾರ ಪಂದ್ಯಕ್ಕೆ ಹಾಕ್ಕೋತೀನಿ."

"ಇದು ನನ್ನ ಮಣ್ಣಿಗೆ ಅಂತ ಇಟ್ಟಿದ್ದಲ್ವೇನೋ ಕೋತಿ?" ಎಂದೆ. 

"ಅಯ್ಯೋ, ಹಾಗೆಲ್ಲ ಅನ್ಬೇಡಿ. ನೀವು ನೂರು ಕಾಲ ಬಾಳ್ಬೇಕು."

ಬೂಟಿನ ದಪ್ಪ ಸೂಜಿ ಕೋಟಿಗೆ ಆಗುವುದಿಲ್ಲ. ಡಬ್ಬಿಯಲ್ಲಿ ಸಣ್ಣ ಸೂಜಿ ಹುಡುಕಿ, ಮೂರು ಸಲ ದಾರ ತಪ್ಪಿಸಿ, ಗುಂಡಿ ಹೊಲಿದೆ. ಅಷ್ಟು ಹೊತ್ತೂ ಅವನು ಸ್ಟೂಲಿನ ತುದಿಯಲ್ಲಿ ಬೆನ್ನು ನೇರ ಮಾಡಿಕೊಂಡು ಕೂತಿದ್ದ. ಕೋಟು ತೆಗೆದುಕೊಂಡು ಎದ್ದು, ಮಂಡಿ ಬಗ್ಗಿಸಿ, ಎರಡು ಅಂಗೈಗಳನ್ನು ಬೊಗಸೆಯಾಗಿಸಿ ಮೆಲ್ಲಗೆ ಮೂರು ಸಲ ತಟ್ಟಿದ. ಹೆಣ್ಣು ಕೊಟ್ಟ ಮಾವನಿಗೆ, ಪರವೂರಿನ ಹಿರಿಯರಿಗೆ ನಾವು ತಟ್ಟುವುದು ಹಾಗೆ. ನಾನೂ ಕೂತಲ್ಲಿಂದಲೇ ತಿರುಗಿ ತಟ್ಟಿದೆ.